ಮನೆಬಾಗಿಲಲ್ಲಿ ದೊರೆತ ಸತ್ಯ



2020 ಮತ್ತು 2021ರ ದಿನಗಳನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿ. ದೇವಾಲಯಗಳ ಬಾಗಿಲು ಮುಚ್ಚಿದ್ದವು. ಬಲಿಪೂಜೆಯನ್ನು ನಾವು ಮನೆಯಲ್ಲಿ ಕುಳಿತು ಮೊಬೈಲಿನ ಪುಟ್ಟ ಪರದೆಯ ಮೇಲೆ ನೋಡುತ್ತಿದ್ದೆವು. ಅದೇ ಪರದೆಯ ಮೇಲೆ ಬೆಳಗಿನಿಂದ ರಾತ್ರಿಯವರೆಗೆ ಸಂದೇಶಗಳು ಬಂದು ಬೀಳುತ್ತಿದ್ದವು. ಇಂಥ ಕಷಾಯ ಕುಡಿದರೆ ರೋಗ ಹತ್ತಿರ ಸುಳಿಯದು, ಇಂಥ ಜನರಿಂದಲೇ ರೋಗ ಹರಡಿತು, ಲಸಿಕೆ ಹಾಕಿಸಿಕೊಂಡರೆ ಅಪಾಯ ಎಂದು ಒಂದೊಂದೂ ಒಂದೊಂದು ಹೇಳುತ್ತಿತ್ತು. ನಾವು ಓದಿದೆವು, ಹತ್ತು ಜನರಿಗೆ ಕಳುಹಿಸಿದೆವು. ಒಳ್ಳೆಯ ಮನಸ್ಸಿನಿಂದಲೇ ಕಳುಹಿಸಿದೆವು. ಆದರೆ ಕಳುಹಿಸುವ ಮುನ್ನ, ‘ಇದು ನಿಜವೇ? ಯಾರು ಹೋಗಿ ಕೇಳಿ ಬಂದಿದ್ದಾರೆ?’ ಎಂದು ವಿಚಾರಿಸಿದವರು ನಮ್ಮಲ್ಲಿ ಎಷ್ಟು ಮಂದಿ?

ಈ ಪ್ರಶ್ನೆಯನ್ನು ಎದುರಿಗಿಟ್ಟುಕೊಂಡು ಓದಬೇಕಾದ ಒಂದು ಪುಸ್ತಕವಿದೆ. ಅಮೆರಿಕದ ಲೇಖಕ ಸ್ಟೀವನ್ ಜಾನ್ಸನ್ ಅವರು 2006ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ‘ದ ಘೋಸ್ಟ್ ಮ್ಯಾಪ್’, ಅಂದರೆ ‘ಪ್ರೇತ ನಕ್ಷೆ’. 1854ರಲ್ಲಿ ಲಂಡನ್ ನಗರದ ಸೋಹೋ ಎಂಬ ಇಕ್ಕಟ್ಟಾದ ಬಡಾವಣೆಯಲ್ಲಿ ಕಾಲರಾ ಕಾಣಿಸಿಕೊಂಡು ನೂರಾರು ಜನರನ್ನು ಬಲಿ ತೆಗೆದುಕೊಂಡಿತು. ಆ ಸಾವುಗಳ ಕಾರಣವನ್ನು ಕಂಡುಹಿಡಿದವರು ಇಬ್ಬರು. ಒಬ್ಬರು ವೈದ್ಯ ಜಾನ್ ಸ್ನೋ. ಇನ್ನೊಬ್ಬರು ಆಂಗ್ಲಿಕನ್ ಸಭೆಯ ಯುವ ಸಹಾಯಕ ಗುರು ಹೆನ್ರಿ ವೈಟ್‌ಹೆಡ್. ಕೆಲಸ ಆರಂಭಿಸಿದಾಗ ಇವರಿಬ್ಬರನ್ನೂ ಯಾವ ಸರ್ಕಾರವೂ ನೇಮಿಸಿರಲಿಲ್ಲ, ಯಾರೂ ಇವರಿಗೆ ಸಂಬಳ ಕೊಟ್ಟಿರಲಿಲ್ಲ. ಅಲ್ಲಲ್ಲಿ ಚದುರಿಹೋಗಿದ್ದ ಮಾಹಿತಿಯನ್ನು ತಾವಾಗಿಯೇ ಕೂಡಿಸಿ, ಹೋಲಿಸಿ, ಅರ್ಥ ಹುಡುಕಿದರು.

ಪುಸ್ತಕ ಓದಲು ಯೋಗ್ಯವಾದದ್ದು; ಹಲವು ಕಡೆ ಕೆಳಗಿಡಲು ಮನಸ್ಸಾಗದಂತಹುದು. ಆದರೂ ಅದರ ಶೀರ್ಷಿಕೆ ಹಾಗೂ ಕೊನೆಯ ಭಾಗ, ಅದೇ ಪುಸ್ತಕ ಹೇಳುವ ಕಥೆಯ ಮುಖ್ಯಾಂಶವನ್ನು ಸ್ವಲ್ಪ ಮರೆಮಾಡುತ್ತವೆ ಎಂಬುದು ನನ್ನ ಅನಿಸಿಕೆ. ಆ ಮುಖ್ಯಾಂಶ ನಮ್ಮಂತಹ ಧರ್ಮಕೇಂದ್ರದ ಕುಟುಂಬಗಳಿಗೆ ನೇರವಾಗಿ ಸಂಬಂಧಿಸಿದ್ದು. ಆದ್ದರಿಂದಲೇ ಈ ವಿಮರ್ಶೆ.

ಒಂದು ಬೀದಿ, ಒಂದು ಬಾವಿ

ಮೊದಲು ಘಟನೆಯನ್ನು ಸಂಕ್ಷೇಪವಾಗಿ ನೋಡೋಣ. ಬ್ರಾಡ್ ಸ್ಟ್ರೀಟ್ ಎಂಬ ಬೀದಿಯಲ್ಲಿ ಒಂದು ಬಾವಿಯಿತ್ತು. ಅದಕ್ಕೆ ಕೈಪಂಪನ್ನು ಜೋಡಿಸಿದ್ದರು. ನೀರು ತಣ್ಣಗಿದ್ದು ರುಚಿಯಾಗಿದ್ದುದರಿಂದ ದೂರದವರೂ ಅಲ್ಲಿಗೇ ಬರುತ್ತಿದ್ದರು. ಬಾವಿಯ ಪಕ್ಕದಲ್ಲೇ ಇದ್ದ 40ನೆಯ ಸಂಖ್ಯೆಯ ಮನೆಯಲ್ಲಿ ಥಾಮಸ್ ಲೂಯಿಸ್ ಎಂಬ ಪೊಲೀಸ್ ಪೇದೆಯ ಕುಟುಂಬ ವಾಸವಾಗಿತ್ತು. 1854ರ ಆಗಸ್ಟ್ ಕೊನೆಯಲ್ಲಿ ಅವರ ಐದು ತಿಂಗಳ ಹೆಣ್ಣುಮಗುವಿಗೆ ಭೇದಿ ಶುರುವಾಯಿತು. ತಾಯಿ ಸಾರಾ ಮಗುವಿನ ಮಲಿನ ಬಟ್ಟೆಗಳನ್ನು ನೀರಿನಲ್ಲಿ ನೆನೆಸಿ, ಆ ನೀರನ್ನು ಮನೆಯ ಮುಂದಿನ ಮಲಗುಂಡಿಗೆ ಸುರಿಯುತ್ತಿದ್ದರು. ಆ ಗುಂಡಿಗೂ ಬಾವಿಗೂ ನಡುವೆ ಮೂರು ಅಡಿಗಿಂತಲೂ ಕಡಿಮೆ ಅಂತರವಿತ್ತು. ಗುಂಡಿಯ ಇಟ್ಟಿಗೆ ಕಟ್ಟಡ ಶಿಥಿಲವಾಗಿತ್ತು. ಇದಾವುದೂ ಆಗ ಯಾರಿಗೂ ತಿಳಿದಿರಲಿಲ್ಲ.

ಆಗಸ್ಟ್ 31ರ ರಾತ್ರಿ ರೋಗ ಒಮ್ಮೆಲೇ ಸ್ಫೋಟಗೊಂಡಿತು. ಮೂರು ದಿನಗಳಲ್ಲಿ 127 ಜನ ಸತ್ತರು. ಒಂದು ವಾರ ಕಳೆಯುವಷ್ಟರಲ್ಲಿ ಸುತ್ತಲಿನ ಬೀದಿಗಳ ಮುಕ್ಕಾಲು ಪಾಲು ಜನ ಮನೆ ಬಿಟ್ಟು ಓಡಿಹೋಗಿದ್ದರು. ಒಟ್ಟು ಸಾವಿನ ಸಂಖ್ಯೆ 600 ದಾಟಿತು. ಜಾನ್ಸನ್ ಅವರು ಪುಸ್ತಕದ ಅಧ್ಯಾಯಗಳನ್ನು ದಿನಾಂಕದ ಪ್ರಕಾರ ಜೋಡಿಸಿದ್ದಾರೆ. ಆ ಬೀದಿಯಲ್ಲಿ ನಾವೂ ಸಿಕ್ಕಿಕೊಂಡಿರುವಂತೆ, ನಾಳೆ ಏನಾಗುವುದೋ ಎಂದು ತಿಳಿಯದೆ ಓದುತ್ತೇವೆ. ನಮ್ಮ ಕಾಲದ ಮಹಾಮಾರಿಯನ್ನು ಕಂಡವರಿಗೆ ಈ ಪುಟಗಳು ಇನ್ನೂ ಹತ್ತಿರವಾಗುತ್ತವೆ.

ಆಗಿನ ವಿದ್ವಾಂಸರೂ ಅಧಿಕಾರಿಗಳೂ ರೋಗಕ್ಕೆ ಕೆಟ್ಟ ಗಾಳಿಯೇ ಕಾರಣವೆಂದು ನಂಬಿದ್ದರು. ದುರ್ವಾಸನೆಯಿದ್ದಲ್ಲಿ ರೋಗವಿದೆ ಎಂಬುದು ಅವರ ಸಿದ್ಧಾಂತ. ಇದೇ ನಂಬಿಕೆಯಿಂದ ಎಡ್ವಿನ್ ಚಾಡ್ವಿಕ್ ಎಂಬ ಪ್ರಭಾವಶಾಲಿ ಆಡಳಿತಗಾರರು ಮನೆಗಳ ಕೊಳೆಯನ್ನು ಥೇಮ್ಸ್ ನದಿಗೆ ಹರಿಸುವ ಕೆಲಸಕ್ಕೆ ಮುಂದಾಗಿದ್ದರು. ಮನೆಗಳ ವಾಸನೆ ಕಡಿಮೆಯಾಯಿತು. ಆದರೆ ಲಂಡನ್ನಿನ ಅರ್ಧ ಜನ ಕುಡಿಯುತ್ತಿದ್ದ ನದಿಯ ನೀರು ವಿಷವಾಯಿತು. ಒಳ್ಳೆಯ ಉದ್ದೇಶ, ತಪ್ಪು ತಿಳಿವಳಿಕೆ, ಭೀಕರ ಪರಿಣಾಮ. ಈ ಅಧ್ಯಾಯ ಪುಸ್ತಕದ ಉತ್ತಮ ಭಾಗಗಳಲ್ಲಿ ಒಂದು. ತಪ್ಪು ಮಾಡಿದವರನ್ನು ಲೇಖಕರು ಮೂರ್ಖರೆಂದು ಹೀಗಳೆಯುವುದಿಲ್ಲ. ಬುದ್ಧಿವಂತರು ಕೂಡ ಏಕೆ ಇಷ್ಟು ಕಾಲ ತಪ್ಪನ್ನು ನಂಬಿದರು ಎಂದು ತಾಳ್ಮೆಯಿಂದ ವಿಚಾರಿಸುತ್ತಾರೆ.

ವೈದ್ಯರ ಎಣಿಕೆ

ಜಾನ್ ಸ್ನೋ ಹುಟ್ಟಿದ್ದು 1813ರಲ್ಲಿ, ಯಾರ್ಕ್ ನಗರದ ಕೂಲಿಕಾರರೊಬ್ಬರ ಮನೆಯಲ್ಲಿ. ಅರಿವಳಿಕೆ ಶಾಸ್ತ್ರದಲ್ಲಿ ಅವರು ಎಷ್ಟು ನಿಪುಣರಾದರೆಂದರೆ, 1853ರಲ್ಲಿ ವಿಕ್ಟೋರಿಯಾ ರಾಣಿಯ ಹೆರಿಗೆಯ ಸಮಯದಲ್ಲಿ ಕ್ಲೋರೋಫಾರ್ಮ್ ಕೊಡಲು ಅವರನ್ನೇ ಕರೆಸಲಾಯಿತು. ಕಾಲರಾ ಅವರ ವೃತ್ತಿಯ ವಿಷಯವಾಗಿರಲಿಲ್ಲ. ಆದರೂ 1849ರಲ್ಲೇ, ಈ ರೋಗ ಹರಡುವುದು ನೀರಿನ ಮೂಲಕ ಎಂದು ಸಣ್ಣ ಪುಸ್ತಕವೊಂದನ್ನು ಬರೆದು ಪ್ರಕಟಿಸಿದ್ದರು. ಯಾರೂ ಅದನ್ನು ಹೆಚ್ಚು ಗಮನಿಸಲಿಲ್ಲ.

1854ರಲ್ಲಿ ಸ್ನೋ ಎರಡು ಕಡೆ ಮಾಹಿತಿ ಕಲೆಹಾಕಿದರು. ದಕ್ಷಿಣ ಲಂಡನ್ನಿನಲ್ಲಿ ಎರಡು ಕಂಪನಿಗಳು ಅದೇ ಬೀದಿಗಳ ಅಕ್ಕಪಕ್ಕದ ಮನೆಗಳಿಗೆ ನೀರು ಪೂರೈಸುತ್ತಿದ್ದವು. ಒಂದು ಕಂಪನಿ 1852ರಿಂದ ನದಿಯ ಮೇಲ್ಭಾಗದ ಶುದ್ಧ ನೀರನ್ನು ತರುತ್ತಿತ್ತು. ಇನ್ನೊಂದು ನಗರದ ಕೊಳೆ ಸೇರಿದ ನೀರನ್ನೇ ಕೊಡುತ್ತಿತ್ತು. ಸ್ನೋ ಸಾವು ಸಂಭವಿಸಿದ ಮನೆಗಳಿಗೆ ನಡೆದುಹೋಗಿ, ಅಲ್ಲಿಗೆ ಯಾವ ಕಂಪನಿಯ ನೀರು ಬರುತ್ತದೆಂದು ವಿಚಾರಿಸಿದರು. ಮನೆಯವರಿಗೇ ಗೊತ್ತಿಲ್ಲದಿದ್ದಾಗ ನೀರಿನಲ್ಲಿನ ಉಪ್ಪಿನಂಶವನ್ನು ಪರೀಕ್ಷಿಸಿ ಪತ್ತೆ ಹಚ್ಚಿದರು. ಕೊಳೆನೀರಿನ ಕಂಪನಿಯ ಪ್ರತಿ ಹತ್ತು ಸಾವಿರ ಮನೆಗಳಲ್ಲಿ 315 ಸಾವು. ಶುದ್ಧ ನೀರಿನ ಕಂಪನಿಯ ಅಷ್ಟೇ ಮನೆಗಳಲ್ಲಿ 37. ಗಾಳಿ ಇಬ್ಬರಿಗೂ ಒಂದೇ. ನೀರು ಮಾತ್ರ ಬೇರೆ.

ಈ ಕೆಲಸದ ನಡುವೆಯೇ ಸೋಹೋದಲ್ಲಿ ರೋಗ ಕಾಣಿಸಿಕೊಂಡಿತು. ಸ್ನೋ ಅವರ ಮನೆ ಅಲ್ಲಿಂದ ಬಹಳ ದೂರವೇನೂ ಇರಲಿಲ್ಲ. ಜನನ ಮರಣ ನೋಂದಣಿ ಕಚೇರಿಯ ವಿಲಿಯಂ ಫಾರ್ ಅವರಿಂದ 83 ಸಾವುಗಳ ಪಟ್ಟಿ ಪಡೆದು, ಆ ಮನೆಗಳಿಗೆ ಹೋದರು. ಪಂಪಿನ ಸಮೀಪದ 73 ಸಾವುಗಳಲ್ಲಿ 61 ಜನ ಆ ನೀರನ್ನು ಕುಡಿದಿದ್ದುದು ತಿಳಿಯಿತು. ಸಮೀಪದ ನಿರ್ಗತಿಕರ ಆಶ್ರಮದಲ್ಲಿದ್ದ 535 ಮಂದಿಯಲ್ಲಿ ಐವರು ಮಾತ್ರ ಸತ್ತಿದ್ದರು. ಅಲ್ಲಿ ಬೇರೆ ಬಾವಿಯಿತ್ತು. ಅದೇ ಬೀದಿಯ ಬಿಯರ್ ಕಾರ್ಖಾನೆಯ ಕೆಲಸಗಾರರಲ್ಲಿ ಯಾರೂ ಸಾಯಲಿಲ್ಲ. ಅವರು ಪಂಪಿನ ನೀರು ಕುಡಿಯುತ್ತಲೇ ಇರಲಿಲ್ಲ. ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿ ವಿಧವೆಯೊಬ್ಬರು ಕಾಲರಾದಿಂದ ಸತ್ತಿದ್ದರು. ಅವರು ಹಿಂದೆ ಬ್ರಾಡ್ ಸ್ಟ್ರೀಟಿನಲ್ಲಿದ್ದವರು. ಅಲ್ಲಿನ ನೀರಿನ ರುಚಿ ಮರೆಯಲಾರದೆ ದಿನವೂ ಗಾಡಿಯಲ್ಲಿ ತರಿಸಿಕೊಳ್ಳುತ್ತಿದ್ದರು.

ಸೆಪ್ಟೆಂಬರ್ 7ರ ಸಂಜೆ ಸ್ನೋ ಆ ಧರ್ಮಕೇಂದ್ರದ ಆಡಳಿತ ಮಂಡಳಿಯ ಮುಂದೆ ಈ ಸಂಗತಿಗಳನ್ನಿಟ್ಟರು. ಆಗಿನ ಇಂಗ್ಲೆಂಡಿನಲ್ಲಿ ಊರಿನ ನೀರು, ನೈರ್ಮಲ್ಯ, ಬಡವರ ಪೋಷಣೆಯಂತಹ ಪೌರಕಾರ್ಯಗಳನ್ನೂ ಧರ್ಮಕೇಂದ್ರವೇ ನೋಡಿಕೊಳ್ಳುತ್ತಿತ್ತೆಂಬುದನ್ನು ಓದುಗರು ಗಮನಿಸಬೇಕು. ಮಂಡಳಿಯವರಿಗೆ ಪೂರ್ಣ ನಂಬಿಕೆ ಬರಲಿಲ್ಲ. ಆದರೂ ಮರುದಿನ ಪಂಪಿನ ಹಿಡಿಯನ್ನು ಕಳಚಿಸಿದರು.

ಶಾಲೆಯ ಪಾಠಗಳಲ್ಲಿ ಈ ಕಥೆ ಸಾಮಾನ್ಯವಾಗಿ ಇಲ್ಲಿಗೇ ಮುಗಿಯುತ್ತದೆ. ವೈದ್ಯರು ನಕ್ಷೆ ಬರೆದರು, ಹಿಡಿ ತೆಗೆಸಿದರು, ರೋಗ ನಿಂತಿತು ಎಂದು. ಜಾನ್ಸನ್ ಅವರ ದೊಡ್ಡ ಉಪಕಾರವೆಂದರೆ, ಇದು ಹೀಗೆ ನಡೆಯಲಿಲ್ಲವೆಂದು ಸ್ಪಷ್ಟವಾಗಿ ಹೇಳಿರುವುದು. ಹಿಡಿ ತೆಗೆಯುವ ಹೊತ್ತಿಗೆ ರೋಗ ಆಗಲೇ ಇಳಿಮುಖವಾಗಿತ್ತು. ಸ್ನೋ ಅವರೇ ಇದನ್ನು ಒಪ್ಪಿಕೊಂಡಿದ್ದರು. ಪ್ರಸಿದ್ಧವಾದ ನಕ್ಷೆಯನ್ನು ಅವರು ಜನರ ಮುಂದಿಟ್ಟದ್ದು ಆ ವರ್ಷದ ಡಿಸೆಂಬರಿನಲ್ಲಿ. ಅದು ಸತ್ಯವನ್ನು ಕಂಡುಹಿಡಿಯಲು ಬರೆದ ನಕ್ಷೆಯಲ್ಲ. ಕಂಡುಕೊಂಡ ಸತ್ಯವನ್ನು ಇತರರಿಗೆ ತೋರಿಸಲು ಬರೆದದ್ದು. ಸರ್ಕಾರದ ಆರೋಗ್ಯ ಮಂಡಳಿಯಂತೂ ಸ್ನೋ ಅವರ ವಾದವನ್ನು ತಳ್ಳಿಹಾಕಿತು. ಮಂಡಳಿಯ ಪರಿವೀಕ್ಷಕರು ಬೀದಿಗೆ ಬಂದಿದ್ದರು, ಉದ್ದದ ಪ್ರಶ್ನೆಪಟ್ಟಿಯನ್ನೂ ತಂದಿದ್ದರು. ಆದರೆ ಪ್ರಶ್ನೆಗಳು ಬಹುಪಾಲು ಗಾಳಿ, ವಾಸನೆ, ಕೊಳಕುಗಳ ಕುರಿತಾಗಿದ್ದವು. ಕೇಳಿದ್ದಕ್ಕೆ ತಕ್ಕ ಉತ್ತರವೇ ಅವರಿಗೆ ಸಿಕ್ಕಿತು.

ಗುರುವಿನ ಸಂಶಯ

ಇನ್ನು ಹೆನ್ರಿ ವೈಟ್‌ಹೆಡ್. ಆಗ ಅವರಿಗೆ 28 ವರ್ಷ. ಬರ್ವಿಕ್ ಬೀದಿಯ ಸಂತ ಲೂಕರ ದೇವಾಲಯದಲ್ಲಿ ಸಹಾಯಕ ಗುರು. ರೋಗ ಶುರುವಾದ ದಿನದಿಂದ ಅವರು ಮನೆಯಿಂದ ಮನೆಗೆ ಹೋಗಿ ಸಾಯುತ್ತಿದ್ದವರ ಪಕ್ಕದಲ್ಲಿ ಕುಳಿತರು, ಪ್ರಾರ್ಥಿಸಿದರು, ಉಳಿದವರನ್ನು ಸಂತೈಸಿದರು. ಹೀಗೆ ಹೋಗುತ್ತಾ ಅವರ ಕಿವಿಗೆ ಬಗೆಬಗೆಯ ಮಾತುಗಳು ಬಿದ್ದವು. 1665ರ ಪ್ಲೇಗಿನಲ್ಲಿ ಸತ್ತವರನ್ನು ಹೂಳಿದ್ದ ನೆಲವನ್ನು ಚರಂಡಿಗಾಗಿ ಅಗೆದದ್ದೇ ಇದಕ್ಕೆ ಕಾರಣವೆಂದು ಕೆಲವರು. ಮೇಲಂತಸ್ತಿನವರೇ ಹೆಚ್ಚು ಸಾಯುತ್ತಾರೆಂದು ಕೆಲವರು. ಕೊಳಕರು, ಕುಡುಕರು, ಧೈರ್ಯಗೆಟ್ಟವರು ಸಾಯುತ್ತಾರೆಂದು ಮತ್ತೆ ಕೆಲವರು.

ವೈಟ್‌ಹೆಡ್ ಈ ಒಂದೊಂದು ಮಾತನ್ನೂ ತಾವು ಕಂಡದ್ದರೊಂದಿಗೆ ಹೋಲಿಸಿ ನೋಡಿದರು. ಮೇಲಂತಸ್ತುಗಳಲ್ಲಿ ಹೆಚ್ಚು ಸಾವಾಗಿದ್ದರೆ, ಅಲ್ಲಿ ವಾಸಿಸುವವರೇ ಹೆಚ್ಚು. ಕೊಳಕು ಮನೆಗಳು ಉಳಿದಿದ್ದವು, ಗುಡಿಸಿ ಒರೆಸಿ ಇಟ್ಟುಕೊಂಡ ಮನೆಗಳಲ್ಲಿ ಸಾವಾಗಿತ್ತು. ಕೆಲವೇ ವಾರಗಳಲ್ಲಿ ಅವರು ಒಂದು ಕಿರುಹೊತ್ತಿಗೆಯನ್ನು ಪ್ರಕಟಿಸಿ ಈ ವದಂತಿಗಳನ್ನು ಅಲ್ಲಗಳೆದರು. ಸತ್ತವರ ಮೇಲೆಯೇ ಸಾವಿನ ತಪ್ಪನ್ನು ಹೊರಿಸುವ ಈ ಚಾಳಿ ಹೊಸದಲ್ಲ. ಹುಟ್ಟುಕುರುಡನನ್ನು ಕಂಡು, ಪಾಪ ಮಾಡಿದವನು ಇವನೋ ಇವನ ತಂದೆತಾಯಿಗಳೋ ಎಂದು ಶಿಷ್ಯರು ಕೇಳಿದಾಗ ಪ್ರಭು ಯೇಸು ಆ ಪ್ರಶ್ನೆಯನ್ನೇ ಬದಿಗೊತ್ತಿದ್ದು ನಮಗೆ ಶುಭಸಂದೇಶದಿಂದ ಗೊತ್ತು. ವೈಟ್‌ಹೆಡ್ ಮಾಡಿದ್ದೂ ಅಂಥದೇ ಕೆಲಸ. ಅಂಕಿಗಳ ಮೂಲಕ ಮಾಡಿದರು ಎಂಬುದಷ್ಟೇ ವ್ಯತ್ಯಾಸ.

ಆದರೆ ಸ್ನೋ ಅವರ ವಾದವನ್ನೂ ವೈಟ್‌ಹೆಡ್ ನಂಬಲಿಲ್ಲ. ಅದೇ ಪಂಪಿನ ನೀರನ್ನು ಧಾರಾಳವಾಗಿ ಕುಡಿದು ಚೇತರಿಸಿಕೊಂಡವರನ್ನು ಅವರು ಕಣ್ಣಾರೆ ಕಂಡಿದ್ದರು. ಸರಿಯಾಗಿ ವಿಚಾರಣೆ ನಡೆಸಿದರೆ ಈ ವಾದ ನಿಲ್ಲಲಾರದೆಂದು ಸ್ನೋ ಅವರಿಗೇ ಹೇಳಿದರು. ನವೆಂಬರಿನಲ್ಲಿ ಧರ್ಮಕೇಂದ್ರವೇ ಒಂದು ವಿಚಾರಣಾ ಸಮಿತಿಯನ್ನು ರಚಿಸಿದಾಗ ಇಬ್ಬರೂ ಅದರಲ್ಲಿ ಸೇರಿದರು. ಸ್ನೋ ತಪ್ಪೆಂದು ತೋರಿಸುವ ಉದ್ದೇಶದಿಂದಲೇ ವೈಟ್‌ಹೆಡ್ ಮತ್ತೆ ಮನೆಮನೆಗೆ ಹೊರಟರು.

ಪುಸ್ತಕದ ಅತ್ಯುತ್ತಮ ಪುಟಗಳು ಇಲ್ಲಿ ಬರುತ್ತವೆ. ಸ್ನೋ ಅವರ ಕೈಯಲ್ಲಿದ್ದದ್ದು ಸತ್ತವರ ಪಟ್ಟಿ. ವೈಟ್‌ಹೆಡ್ ಬದುಕಿ ಉಳಿದವರನ್ನೂ ವಿಚಾರಿಸಿದರು. ಆ ಬೀದಿಯ 896 ನಿವಾಸಿಗಳ ಪೈಕಿ 497 ಮಂದಿಯ ವಿವರಗಳನ್ನು ಕಲೆಹಾಕಿದರು. ಕೆಲವು ಮನೆಗಳಿಗೆ ನಾಲ್ಕೈದು ಬಾರಿ ಹೋದರು. ಊರು ಬಿಟ್ಟುಹೋದವರನ್ನೂ ಹುಡುಕಿದರು. ‘ನೀರು ಕುಡಿದಿದ್ದಿರಾ?’ ಎಂಬ ಪ್ರಶ್ನೆಗೆ ‘ಇಲ್ಲ’ ಎಂದವರು, ಎರಡನೆಯ ಮೂರನೆಯ ಭೇಟಿಯಲ್ಲಿ ನೆನಪು ಮಾಡಿಕೊಂಡು ‘ಹೌದು, ಅಂದು ಮಗು ತಂದುಕೊಟ್ಟಿತ್ತು’ ಎಂಬಂತಹ ಉತ್ತರ ಕೊಡುವುದು ಸಾಧ್ಯವಾದದ್ದು ಕೇಳಿದವರು ಪರಿಚಿತರಾಗಿದ್ದುದರಿಂದ. ಕೊನೆಗೆ ತೇಲಿಬಂದ ಲೆಕ್ಕ ಹೀಗಿತ್ತು: ಪಂಪಿನ ನೀರು ಕುಡಿದಿದ್ದ 137 ಜನರಲ್ಲಿ 80 ಮಂದಿಗೆ ರೋಗ ತಗುಲಿತ್ತು, ಕುಡಿಯದಿದ್ದ 297 ಜನರಲ್ಲಿ 20 ಮಂದಿಗೆ ಮಾತ್ರ. ಮನೆಯಲ್ಲಿ ಒಂಟಿಯಾಗಿದ್ದ ಕೆಲವು ವೃದ್ಧರು ಬದುಕಿ ಉಳಿದಿದ್ದರು. ಅವರಿಗೆ ಆ ರುಚಿಯಾದ ನೀರನ್ನು ತಂದುಕೊಡುವವರು ಯಾರೂ ಇರಲಿಲ್ಲ.

ತಮ್ಮ ಊಹೆಗೆ ವಿರುದ್ಧವಾದ ಈ ಲೆಕ್ಕವನ್ನು ವೈಟ್‌ಹೆಡ್ ಮುಚ್ಚಿಡಲಿಲ್ಲ. ಸ್ನೋ ಹೇಳಿದ್ದು ಸರಿ ಎಂದು ಒಪ್ಪಿಕೊಂಡರು. ಅಷ್ಟಕ್ಕೇ ನಿಲ್ಲದೆ, ಬಾವಿಗೆ ರೋಗ ಬಂದದ್ದು ಎಲ್ಲಿಂದ ಎಂಬ ಉಳಿದ ಪ್ರಶ್ನೆಗೂ ಉತ್ತರ ಹುಡುಕಿದರು. 1855ರ ವಸಂತದಲ್ಲಿ ಮರಣ ದಾಖಲೆಗಳನ್ನು ತಿರುವಿಹಾಕುತ್ತಿದ್ದಾಗ, ಬೇರೆ ಏನನ್ನೋ ಹುಡುಕುತ್ತಿದ್ದ ಅವರ ಕಣ್ಣಿಗೆ ಒಂದು ಸಾಲು ಬಿತ್ತು. 40ನೆಯ ಮನೆ, ಐದು ತಿಂಗಳ ಮಗು, ಸೆಪ್ಟೆಂಬರ್ 2ರಂದು ಸಾವು. ಅದಕ್ಕೂ ಕೆಲವು ದಿನ ಮೊದಲಿನಿಂದ ಭೇದಿ. ಅವರು ನೇರವಾಗಿ ಸಾರಾ ಲೂಯಿಸ್ ಅವರ ಬಳಿಗೆ ಹೋದರು. ಮಗುವಿನ ಬಟ್ಟೆ ತೊಳೆದ ನೀರನ್ನು ಎಲ್ಲಿ ಸುರಿದಿರಿ ಎಂಬ ಪ್ರಶ್ನೆಗೆ ಆ ತಾಯಿ ಉತ್ತರಿಸಿದರು. ಸಮಿತಿ ನೆಲವನ್ನು ಅಗೆಸಿದಾಗ ಶಿಥಿಲವಾದ ಮಲಗುಂಡಿಯೂ ಅದರಿಂದ ಬಾವಿಯ ಕಡೆಗೆ ಒಸರುತ್ತಿದ್ದ ಕೊಳೆಯೂ ಕಾಣಿಸಿದವು.

ಇನ್ನೂ ಒಂದು ಸಂಗತಿ ಆಗ ಬೆಳಕಿಗೆ ಬಂತು. ಸಾರಾ ಅವರ ಗಂಡ ಥಾಮಸ್ ಕಾಯಿಲೆ ಬಿದ್ದದ್ದು ಸೆಪ್ಟೆಂಬರ್ 8ರಂದು, ಅಂದರೆ ಪಂಪಿನ ಹಿಡಿ ಕಳಚಿದ ದಿನವೇ. ಅವರು ಹನ್ನೊಂದು ದಿನ ನರಳಿ ತೀರಿಕೊಂಡರು. ಆ ದಿನಗಳಲ್ಲೂ ಮಲಿನ ನೀರು ಅದೇ ಗುಂಡಿಗೆ ಬೀಳುತ್ತಿತ್ತು. ಹಿಡಿ ಕಳಚದೇ ಇದ್ದಿದ್ದರೆ ರೋಗ ಎರಡನೆಯ ಬಾರಿ ಆ ಬೀದಿಯನ್ನು ಹೊಕ್ಕುವ ಸಂಭವವಿತ್ತು. ಅರೆಮನಸ್ಸಿನಿಂದ ತೆಗೆದುಕೊಂಡ ಆ ನಿರ್ಣಯ ಎಷ್ಟು ಜೀವಗಳನ್ನು ಉಳಿಸಿತೋ ಬಲ್ಲವರಾರು!

ಪುಸ್ತಕದ ಮೇಲೆ ಮೂರು ಆಕ್ಷೇಪಗಳು

ಇಷ್ಟು ಒಳ್ಳೆಯ ಪುಸ್ತಕದ ಮೇಲೆ ಆಕ್ಷೇಪವೇನು ಎಂದು ನೀವು ಕೇಳಬಹುದು. ಮೂರನ್ನು ಹೇಳುತ್ತೇನೆ.

ಮೊದಲನೆಯದು ಶೀರ್ಷಿಕೆಯನ್ನು ಕುರಿತದ್ದು. ನಕ್ಷೆ ಕೊನೆಯಲ್ಲಿ ಬಂತೆಂದು ಲೇಖಕರೇ ಹೇಳುತ್ತಾರೆ; ಆದರೂ ಪುಸ್ತಕಕ್ಕೆ ನಕ್ಷೆಯ ಹೆಸರನ್ನೇ ಇಡುತ್ತಾರೆ. ಕೊನೆಯ ಭಾಗದಲ್ಲಿ ನ್ಯೂಯಾರ್ಕ್ ನಗರದ ನಾಗರಿಕ ದೂರವಾಣಿ ಸೇವೆ, ಕಂಪ್ಯೂಟರ್ ನಕ್ಷೆಗಳು, ಮಹಾನಗರಗಳ ಭವಿಷ್ಯ, ಹಕ್ಕಿಜ್ವರ, ಭಯೋತ್ಪಾದನೆ ಇವೆಲ್ಲದರ ಕಡೆಗೆ ಓಡುತ್ತಾರೆ. ಸ್ಥಳೀಯ ಜನರ ತಿಳಿವಳಿಕೆಯನ್ನು ಯಂತ್ರಗಳು ಒಗ್ಗೂಡಿಸಿಕೊಡುತ್ತವೆ ಎಂಬ ಭರವಸೆ ಅಲ್ಲಿದೆ. ಆ ಭರವಸೆ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಸಾರಾ ಲೂಯಿಸ್ ತಮ್ಮ ಮಗುವಿನ ವಿಷಯವನ್ನು ಯಾವ ದೂರವಾಣಿ ಸೇವೆಗೂ ಕರೆ ಮಾಡಿ ಹೇಳುತ್ತಿರಲಿಲ್ಲ. ತಮ್ಮ ಮನೆಯಿಂದ ಅನಾಹುತ ಹೊರಟಿತೆಂಬ ಅರಿವೇ ಅವರಿಗಿರಲಿಲ್ಲ. ಯಾರೋ ಒಬ್ಬರು ಅವರ ಬಾಗಿಲಿಗೆ ಹೋಗಬೇಕಾಗಿತ್ತು, ಹೋದವರಲ್ಲಿ ಅವರಿಗೆ ವಿಶ್ವಾಸವಿರಬೇಕಾಗಿತ್ತು. ಪುಸ್ತಕದ ನಡುಭಾಗ ತೋರಿಸಿಕೊಟ್ಟ ಈ ಸತ್ಯವನ್ನು ಕೊನೆಯ ಭಾಗ ಹಿಂದಿಕ್ಕಿ ಹೋಗುತ್ತದೆ.

ಎರಡನೆಯದು ವೈಟ್‌ಹೆಡ್ ಅವರ ಚಿತ್ರಣ. ಅವರ ಸ್ನೇಹಪರತೆ, ಮಾತುಗಾರಿಕೆ, ತಾಳ್ಮೆಗಳನ್ನು ಜಾನ್ಸನ್ ಪ್ರೀತಿಯಿಂದ ಚಿತ್ರಿಸುತ್ತಾರೆ. ಆದರೆ ಆ ಗುಣಗಳು ಅವರ ಗುರುಜೀವನದ ಫಲವೆಂಬುದು ಲೇಖಕರಿಗೆ ಅಷ್ಟಾಗಿ ತಟ್ಟಿದಂತಿಲ್ಲ. ಸೆಪ್ಟೆಂಬರಿನಲ್ಲಿ ಸಾಯುವವರ ಹಾಸಿಗೆಯ ಪಕ್ಕ ಕುಳಿತಿದ್ದವರಿಗೆ ಮಾತ್ರ, ಮುಂದಿನ ವರ್ಷ ಅದೇ ಮನೆಗೆ ಹೋಗಿ ಅಷ್ಟು ನೋವಿನ ಪ್ರಶ್ನೆ ಕೇಳುವ ಹಕ್ಕಿರುತ್ತದೆ. ಒಳ್ಳೆಯ ಕುರಿಗಾಹಿ ತನ್ನ ಕುರಿಗಳನ್ನು ಹೆಸರು ಹಿಡಿದು ಕರೆಯುತ್ತಾನೆ ಎಂಬ ಮಾತನ್ನು ನಾವು ಪ್ರಬೋಧನೆಗಳಲ್ಲಿ ಕೇಳುತ್ತಲೇ ಇರುತ್ತೇವೆ. ಹೆಸರು ಹಿಡಿದು ಕರೆಯಬಲ್ಲವನೇ ಲೆಕ್ಕವನ್ನೂ ಸರಿಯಾಗಿ ಇಡಬಲ್ಲನೆಂಬುದನ್ನು ಬ್ರಾಡ್ ಸ್ಟ್ರೀಟಿನ ಕಥೆ ತೋರಿಸುತ್ತದೆ. ಆ ದೇವಾಲಯದ ಪಾಲಕ ಸಂತರಾದ ಲೂಕರು ವೈದ್ಯರಾಗಿದ್ದರೆಂಬುದು ಧರ್ಮಸಭೆಯ ಪರಂಪರೆ. ತಾವು ಎಲ್ಲವನ್ನೂ ಮೊದಲಿನಿಂದ ವಿಚಾರಿಸಿ, ಕಣ್ಣಾರೆ ಕಂಡವರಿಂದ ತಿಳಿದು, ಕ್ರಮವಾಗಿ ಬರೆಯುತ್ತಿರುವುದಾಗಿ ತಮ್ಮ ಶುಭಸಂದೇಶದ ಆರಂಭದಲ್ಲೇ ಅವರು ತಿಳಿಸುತ್ತಾರೆ. ವೈಟ್‌ಹೆಡ್ ಅವರ ಶೋಧನೆ ಅಂಥ ದೇವಾಲಯದಿಂದ ಹೊರಟಿತೆಂಬುದು ನಮಗೆ ಅರ್ಥಪೂರ್ಣವಾಗಿ ಕಾಣುತ್ತದೆ.

ಮೂರನೆಯದು ಸ್ನೋ ಅವರನ್ನು ಕುರಿತದ್ದು. ಓದಿ ಮುಗಿಸಿದಾಗ ಮನಸ್ಸಿನಲ್ಲಿ ಉಳಿಯುವುದು ಎಂದೂ ಎಡವದ ವೀರನ ಚಿತ್ರ. ಆದರೆ 1855ರಲ್ಲಿ ಸಂಸತ್ತಿನ ಸಮಿತಿಯೊಂದರ ಮುಂದೆ ಅವರು, ಮೂಳೆ ಕುದಿಸುವಂಥ ದುರ್ವಾಸನೆಯ ಉದ್ಯಮಗಳಿಂದ ಜನರ ಆರೋಗ್ಯಕ್ಕೆ ಹಾನಿಯಿಲ್ಲವೆಂದು ಉದ್ಯಮಿಗಳ ಪರವಾಗಿ ಸಾಕ್ಷ್ಯ ನುಡಿದರು. ಕಾಲರಾ ಗಾಳಿಯಿಂದ ಬರುವುದಿಲ್ಲವೆಂಬುದು ನಿಜ. ಹಾಗೆಂದು ಕೆಟ್ಟ ಗಾಳಿಯಿಂದ ಯಾವ ಕೇಡೂ ಇಲ್ಲವೆನ್ನುವುದು ತಮ್ಮ ಆಧಾರಗಳ ಮೇರೆಯನ್ನು ಮೀರಿದ ಮಾತು. ಒಂದು ವಿಷಯದಲ್ಲಿ ಎಲ್ಲರಿಗಿಂತ ಮೊದಲು ಸತ್ಯ ಕಂಡವರು, ಇತರ ವಿಷಯಗಳಲ್ಲೂ ತಾವೇ ಸರಿಯೆಂದು ನಂಬುವ ಅಪಾಯ ಯಾವಾಗಲೂ ಇರುತ್ತದೆ. ಸ್ವತಂತ್ರ ಶೋಧಕರನ್ನು ಮೆಚ್ಚುವ ಪುಸ್ತಕ ಈ ಅಪಾಯವನ್ನು ಇನ್ನಷ್ಟು ಗಟ್ಟಿಯಾಗಿ ಹೇಳಬೇಕಿತ್ತು.

ಸ್ವತಂತ್ರ ಎಂದರೇನು?

ಈ ಕೊನೆಯ ಮಾತು ನಮ್ಮ ಕಾಲಕ್ಕೆ ಮುಖ್ಯವಾದದ್ದು. ಕೋವಿಡ್ ಕಾಲದಲ್ಲಿ ‘ನಾನೇ ಸಂಶೋಧನೆ ಮಾಡಿದ್ದೇನೆ’ ಎಂದು ಹೇಳಿಕೊಂಡವರಿಗೆ ಕೊರತೆಯಿರಲಿಲ್ಲ. ಸ್ನೋ, ವೈಟ್‌ಹೆಡ್ ಇಬ್ಬರೂ ಸರ್ಕಾರದ ಅಭಿಪ್ರಾಯಕ್ಕೆ ವಿರುದ್ಧವಾಗಿ ನಿಂತವರು. ಹಾಗಾದರೆ ಸರ್ಕಾರಕ್ಕೂ ವೈದ್ಯರಿಗೂ ಎದುರು ನಿಂತವರೆಲ್ಲ ಅವರಂತೆಯೇ ಎನ್ನಬಹುದೇ? ಎನ್ನಲಾಗದು. ಸ್ನೋ ಅವರಿಗೆ ಸತ್ತವರ ಪಟ್ಟಿ ಸಿಕ್ಕಿದ್ದು ಸರ್ಕಾರಿ ನೋಂದಣಿ ಕಚೇರಿಯಿಂದ. ವಿಲಿಯಂ ಫಾರ್ ಆಗ ಅವರ ವಾದವನ್ನು ಒಪ್ಪಿರಲಿಲ್ಲ. ಆದರೂ ಅಂಕಿಗಳನ್ನು ಬಚ್ಚಿಡಲಿಲ್ಲ. ಇಬ್ಬರು ಶೋಧಕರೂ ತಮಗೆ ತಿಳಿದದ್ದನ್ನು ಎಲ್ಲರೂ ಪರಿಶೀಲಿಸುವಂತೆ ಬರೆದಿಟ್ಟರು. ತಮ್ಮ ವಾದಕ್ಕೆ ಹೊಂದದ ಸಂಗತಿಯನ್ನು ಹುಡುಕಿಕೊಂಡು ಹೋದರು. ಒಬ್ಬರಂತೂ ಬಹಿರಂಗವಾಗಿ ತಮ್ಮ ಅಭಿಪ್ರಾಯವನ್ನೇ ಬದಲಿಸಿಕೊಂಡರು. ವದಂತಿ ಹಬ್ಬಿಸುವವನಲ್ಲಿ ಈ ಕೊನೆಯ ಗುಣವನ್ನು ನಾವು ಕಾಣಲಾರೆವು.

ಇದೇ ಗುಣಗಳಿಂದ ಕೆಲಸ ಮಾಡಿದವರು ನಮ್ಮ ದೇಶದಲ್ಲೂ ಇದ್ದರು. 2020ರ ಮಾರ್ಚಿನಲ್ಲಿ ಕೆಲವು ಯುವಜನರು ‘ಕೋವಿಡ್19ಇಂಡಿಯಾ’ ಎಂಬ ಹೆಸರಿನಲ್ಲಿ ಸೇರಿ, ಬೇರೆ ಬೇರೆ ರಾಜ್ಯ ಸರ್ಕಾರಗಳ ದೈನಂದಿನ ಪ್ರಕಟಣೆಗಳನ್ನು ಓದಿ, ಜಿಲ್ಲಾವಾರು ಅಂಕಿಗಳನ್ನು ಕೈಯಾರೆ ಒಂದೆಡೆ ಸೇರಿಸಿ ದೇಶದ ಮುಂದಿಟ್ಟರು. ಸಂಬಳವಿಲ್ಲದ ಆ ಕೆಲಸವನ್ನು 2021ರ ಅಕ್ಟೋಬರ್ ಕೊನೆಯವರೆಗೂ ನಡೆಸಿದರು. ಬೆಂಗಳೂರಿನ ಒಬ್ಬರೂ ಸೇರಿದಂತೆ ಮತ್ತೊಂದು ಪುಟ್ಟ ಗುಂಪು, ಲಾಕ್‌ಡೌನ್ ಸಮಯದಲ್ಲಿ ಹಸಿವು, ದಣಿವು, ರಸ್ತೆ ಮತ್ತು ರೈಲು ಅಪಘಾತಗಳಿಂದ ಸತ್ತವರ ಸುದ್ದಿಗಳನ್ನು ಹಲವು ಭಾಷೆಗಳ ಪತ್ರಿಕೆಗಳಿಂದ ಹೆಕ್ಕಿ ದಾಖಲಿಸಿತು. ಆ ಪಟ್ಟಿ 900 ದಾಟಿತು. 2020ರ ಸೆಪ್ಟೆಂಬರಿನಲ್ಲಿ, ವಲಸೆ ಕಾರ್ಮಿಕರ ಸಾವಿನ ಬಗ್ಗೆ ತನ್ನಲ್ಲಿ ಮಾಹಿತಿ ಇಲ್ಲವೆಂದು ಕೇಂದ್ರ ಸರ್ಕಾರ ಸಂಸತ್ತಿಗೆ ತಿಳಿಸಿದಾಗ, ಈ ಪಟ್ಟಿಯ ಬೆಲೆ ಏನೆಂಬುದು ಅನೇಕರಿಗೆ ಅರ್ಥವಾಯಿತು. ಲೆಕ್ಕಕ್ಕೆ ಸಿಗದ ಸಾವಿಗೆ ನ್ಯಾಯವೂ ಸಿಗುವುದಿಲ್ಲ.

ನಮ್ಮ ಪಾಲಿನ ಕೆಲಸ

ಸ್ನೋ 1858ರಲ್ಲಿ, 45ನೆಯ ವಯಸ್ಸಿನಲ್ಲಿ ತೀರಿಕೊಂಡರು. ತಮ್ಮ ವಾದಕ್ಕೆ ಮನ್ನಣೆ ಸಿಕ್ಕಿದ್ದನ್ನು ಅವರು ಕಾಣಲಿಲ್ಲ. 1866ರಲ್ಲಿ ಪೂರ್ವ ಲಂಡನ್ನಿನಲ್ಲಿ ಕಾಲರಾ ಮರಳಿ ಬಂದಾಗ, ಫಾರ್ ಮೊದಲು ಪರೀಕ್ಷಿಸಿದ್ದು ನೀರನ್ನೇ. ಆಗಲೂ ವೈಟ್‌ಹೆಡ್ ಶೋಧನೆಗೆ ನೆರವಾದರು. 1884ರಲ್ಲಿ ರಾಬರ್ಟ್ ಕಾಖ್ ನಮ್ಮ ಕಲ್ಕತ್ತೆಯಲ್ಲಿ ಕೆಲಸ ಮಾಡಿ ಕಾಲರಾದ ರೋಗಾಣುವನ್ನು ಜಗತ್ತಿಗೆ ತೋರಿಸುವಷ್ಟರಲ್ಲಿ ಸ್ನೋ ಸತ್ತು 26 ವರ್ಷ ಕಳೆದಿತ್ತು. ಇಂದು ಆ ಬೀದಿಯಲ್ಲಿ ಸ್ನೋ ಹೆಸರಿನ ಮದ್ಯದಂಗಡಿಯೊಂದಿದೆ. ಅವರು ಮದ್ಯ ಮುಟ್ಟದ ವ್ರತವನ್ನು ದೀರ್ಘಕಾಲ ಪಾಲಿಸಿದ್ದವರೆಂಬುದು ವಿನೋದ. ವೈಟ್‌ಹೆಡ್ 1896ರವರೆಗೆ ಬದುಕಿದರು. ತಮ್ಮ ಓದುವ ಕೋಣೆಯಲ್ಲಿ ಸ್ನೋ ಅವರ ಭಾವಚಿತ್ರವನ್ನು ಕೊನೆಯವರೆಗೂ ಇಟ್ಟುಕೊಂಡಿದ್ದರು. ತಾವು ತಪ್ಪೆಂದು ತೋರಿಸಹೊರಟವರ ಚಿತ್ರ ಅದು.

ಓದುಗ ಬಂಧುಗಳೇ, ಮುಂದೊಮ್ಮೆ ಇನ್ನೊಂದು ರೋಗ ಬರಬಹುದು. ಆಗ ನಾವೆಲ್ಲರೂ ವಿಜ್ಞಾನಿಗಳಾಗಲಾರೆವು, ಆಗಬೇಕಾಗಿಯೂ ಇಲ್ಲ. ಆದರೆ ಯಾವ ಸರ್ಕಾರದ ಬಳಿಯೂ ಸುಲಭವಾಗಿ ಇರಲಾರದ ತಿಳಿವಳಿಕೆ ಒಂದು ಧರ್ಮಕೇಂದ್ರದ ಬಳಿ ಇರುತ್ತದೆ. ಯಾವ ಮನೆಯಲ್ಲಿ ಅಜ್ಜಿಯೊಬ್ಬರೇ ಇದ್ದಾರೆ, ಯಾರ ಮಗ ದೂರದೂರಿನಿಂದ ಮರಳಿದ್ದಾನೆ, ಯಾವ ಓಣಿಯ ನೀರು ಬಣ್ಣಗೆಟ್ಟಿದೆ ಎಂಬುದು ನಮ್ಮ ಕಿರು ಕ್ರೈಸ್ತ ಸಮುದಾಯಗಳಿಗೆ, ಮನೆಭೇಟಿ ಮಾಡುವ ಸಿಸ್ಟರುಗಳಿಗೆ, ಸಂತ ವಿನ್ಸೆಂಟ್ ದ ಪೌಲ್ ಸಭೆಯವರಿಗೆ ಗೊತ್ತು. ಆ ತಿಳಿವಳಿಕೆಯನ್ನು ಬರೆದಿಡುವುದು, ಆರೋಗ್ಯ ಕಾರ್ಯಕರ್ತೆಯರೊಂದಿಗೆ ಹಂಚಿಕೊಳ್ಳುವುದು, ಮನೆಯವರ ಮಾನಕ್ಕೆ ಕುಂದು ಬಾರದಂತೆ ಕಾಪಾಡುವುದು ನಮ್ಮಿಂದ ಆಗುವ ಕೆಲಸ. ಮೊಬೈಲಿಗೆ ಬಂದ ಸಂದೇಶವನ್ನು ಹತ್ತು ಜನರಿಗೆ ಕಳುಹಿಸುವ ಮುನ್ನ, ಪಕ್ಕದ ಮನೆಯ ಬಾಗಿಲನ್ನು ತಟ್ಟಿ ‘ಹೇಗಿದ್ದೀರಿ? ಏನಾಯಿತು?’ ಎಂದು ಕೇಳುವುದೂ ಅಷ್ಟೇ ಸುಲಭವಾದದ್ದು.

‘ದ ಘೋಸ್ಟ್ ಮ್ಯಾಪ್’ ಪುಸ್ತಕವನ್ನು ಅವಕಾಶವಿದ್ದವರು ಓದಿರಿ. ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಅವರ ಕೈಗೂ ಕೊಡಿರಿ. ಓದುವಾಗ ನಕ್ಷೆಯ ಮೇಲಿನ ಕಪ್ಪು ಗೆರೆಗಳನ್ನು ಎಣಿಸುವುದರ ಜೊತೆಗೆ, ಒಂದೊಂದು ಗೆರೆಯ ಹಿಂದೆಯೂ ಒಂದು ಮನೆಯಿತ್ತು, ಆ ಮನೆಯ ಬಾಗಿಲನ್ನು ಒಬ್ಬ ಗುರು ನಾಲ್ಕೈದು ಬಾರಿ ತಟ್ಟಿದ್ದರು ಎಂಬುದನ್ನು ನೆನಪಿನಲ್ಲಿಡಿರಿ. ಗಂಡನನ್ನೂ ಮಗುವನ್ನೂ ಕಳೆದುಕೊಂಡ ಒಬ್ಬ ತಾಯಿ, ಆ ಬಾಗಿಲು ತೆರೆದು, ಕೇಳಿದ್ದಕ್ಕೆ ಉಳ್ಳದ್ದನ್ನು ಉಳ್ಳಂತೆ ಹೇಳಿದರು. ಆ ಬೀದಿಯ ಶೋಧನೆ ಪೂರ್ಣವಾದದ್ದು ಅವರ ಆ ಮಾತಿನಿಂದ.